ಕೀರ್ತನೆ ಯಾರದು, ಬಟ್ಟಲು ಯಾರದು? ತಂಜಾವೂರಿನ ವೇದನಾಯಕ ಶಾಸ್ತ್ರಿಯನ್ನು ಓದುತ್ತಾ

1

ನಮ್ಮ ಆಯಾ, ಅಂದರೆ ಅಪ್ಪನ ತಾಯಿ, ಕೆ.ಜಿ.ಎಫ್.ನ ಗಣಿ ಲೈನಿನಲ್ಲಿ ಹುಟ್ಟಿ ಅಲ್ಲೇ ಮುದುಕಿಯಾದವಳು. ತಾತ ಚಿನ್ನದ ಗಣಿಯ ಶಾಫ್ಟಿಗೆ ಇಳಿಯುತ್ತಿದ್ದ ಕಾಲದಲ್ಲೂ, 2001ರಲ್ಲಿ ಗಣಿ ಮುಚ್ಚಿ ಲೈನುಗಳೆಲ್ಲ ಹಾಳುಸುರಿಯತೊಡಗಿದ ಮೇಲೂ, ಬೆಳಗಿನ ಜಾವ ಒಲೆ ಹಚ್ಚುವಾಗ ಆಕೆಯ ಬಾಯಲ್ಲಿ ಒಂದು ತಮಿಳು ಕೀರ್ತನೆ ಇದ್ದೇ ಇರುತ್ತಿತ್ತು. ಅಕ್ಷರ ಕಲಿಯದ ಆಕೆಗೆ ಇಂಥ ಇಪ್ಪತ್ತು ಮೂವತ್ತು ಕೀರ್ತನೆಗಳು ಬಾಯಿಪಾಠ. ಬರೆದವರು ಯಾರು ಅಂತ ಆಕೆ ಯಾವತ್ತೂ ಕೇಳಿದವಳಲ್ಲ.

ಕೇಳಿದ್ದು ನಾನು. ಎಂ.ಎ. ಓದುವಾಗ ಡೆನಿಸ್ ಹಡ್ಸನ್ ಅವರು 2000ದಲ್ಲಿ ಪ್ರಕಟಿಸಿದ, ತಮಿಳು ಪ್ರಾಟೆಸ್ಟೆಂಟರ ಮೊದಲ ನೂರಮೂವತ್ತು ವರ್ಷಗಳ ಚರಿತ್ರೆಯ ಪುಸ್ತಕ ಕೈಗೆ ಸಿಕ್ಕಿತು. ಆಯಾ ಹಾಡುತ್ತಿದ್ದ ಕೀರ್ತನೆಗಳಲ್ಲಿ ಕೆಲವು ತಂಜಾವೂರಿನ ಲೂಥರನ್ ಸಭೆಯ ಕವಿ ವೇದನಾಯಕ ಶಾಸ್ತ್ರಿಯವು (1774-1864) ಅಂತ ಆಗ ತಿಳಿಯಿತು. ಅದೇ ಪುಸ್ತಕದಲ್ಲಿ ಇನ್ನೂ ಒಂದು ತಿಳಿಯಿತು. ಈ ಮಹಾಕವಿ ಚರ್ಚಿನೊಳಗೆ ಜಾತಿ ಇರಬೇಕು, ಪರೈಯರು ಬೇರೆ ಕೂರಬೇಕು ಅಂತ ಪಟ್ಟುಹಿಡಿದು ಬರೆದವನು. ಆ ಹಟಕ್ಕಾಗಿ ಮಿಷನ್ನಿನ ಕೆಲಸವನ್ನೇ ಕಳೆದುಕೊಂಡವನು.

ನಾವು ಪರೈಯರು. ಉತ್ತರ ಆರ್ಕಾಟಿನಿಂದ ಗಣಿ ಕೂಲಿಗೆ ಬಂದು ಕನ್ನಡನಾಡಿನವರಾದವರು. ಅಂದಮೇಲೆ ನನ್ನ ಆಯಾ ದಿನಾ ಬೆಳಿಗ್ಗೆ, ತನ್ನನ್ನು ಪಕ್ಕದಲ್ಲಿ ಕೂರಲು ಬಿಡದಿದ್ದವನ ಹಾಡು ಹಾಡುತ್ತಿದ್ದಳು.

ಈ ವಿಷಯ ನನ್ನನ್ನು ವರ್ಷಗಟ್ಟಲೆ ಕಾಡಿದೆ. ದಲಿತ ವಿಮರ್ಶೆಯ ಸಂಚಿಕೆಯಲ್ಲಿ ತಮಿಳು ಕ್ರೈಸ್ತ ಕವಿಯೊಬ್ಬನ ಮಾತು ಏಕೆ ಅಂತ ಗೆಳೆಯರು ಕೇಳಬಹುದು. ಕನ್ನಡ ವಿಮರ್ಶೆಯಲ್ಲಿ ದೇಸಿ, ನೆಲದ ನುಡಿ, ವಸಾಹತುಶಾಹಿಗೆ ಪ್ರತಿರೋಧ ಅಂತ ನಾವು ಬಹಳ ಮಾತಾಡುತ್ತೇವೆ. ದೇಸಿ ಆದದ್ದೆಲ್ಲ ನಮ್ಮದು ಅಂತ ಒಳಗೊಳಗೇ ನಂಬಿಕೊಂಡಿದ್ದೇವೆ. ಶಾಸ್ತ್ರಿಯ ಕತೆ ಆ ನಂಬಿಕೆಯನ್ನು ಅಲ್ಲಾಡಿಸುತ್ತದೆ ಅಂತ ನನ್ನ ವಾದ.

2

ಮೊದಲು ಆ ಸಭೆ ಹೇಗಿತ್ತು ಅಂತ ನೋಡಬೇಕು. ಡೇನರ ವಶದಲ್ಲಿದ್ದ ತರಂಗಂಬಾಡಿಗೆ ಜರ್ಮನಿಯ ಲೂಥರನ್ ಪಾದ್ರಿ ಬಾರ್ತೊಲೊಮೇಯಸ್ ಜೀಗೆನ್‌ಬಾಲ್ಗ್ ಬಂದಿಳಿದದ್ದು 1706ರ ಜುಲೈನಲ್ಲಿ. ಮಾರನೇ ವರ್ಷ ಮೊದಲು ದೀಕ್ಷಾಸ್ನಾನ ಪಡೆದವರು ಡೇನರ ಮನೆಗಳ ಐದು ಜನ ಗುಲಾಮರು. 1715ರಲ್ಲಿ ತಮಿಳು ಹೊಸ ಒಡಂಬಡಿಕೆ ಅಚ್ಚಾಯಿತು. ಜರ್ಮನ್ ಭಕ್ತಿಗೀತೆಗಳು ತಮಿಳಿಗೆ ಬಂದವು. ಮಾತು ತಮಿಳಿನದು, ಧಾಟಿ ಮಾತ್ರ ಜರ್ಮನಿಯದೇ.

ಈ ಕೆಲಸವನ್ನು ಎತ್ತರಕ್ಕೆ ಒಯ್ದವನು ಯೋಹಾನ್ ಫಿಲಿಪ್ ಫ್ಯಾಬ್ರಿಸಿಯಸ್. 1711ರಲ್ಲಿ ಹುಟ್ಟಿ, ಕಾನೂನು ಓದಿ, ಆಮೇಲೆ ಹಾಲೆಯಲ್ಲಿ ದೇವಶಾಸ್ತ್ರ ಕಲಿತು, 1740ರಲ್ಲಿ ಈ ಕರಾವಳಿಗೆ ಬಂದ ಪಾದ್ರಿ. 1742ರಿಂದ ಹೆಚ್ಚುಕಡಿಮೆ ಬದುಕಿನ ಕೊನೆಯವರೆಗೂ ಮದರಾಸಿನ ಸಭೆಯನ್ನು ನೋಡಿಕೊಂಡ. ಬೈಬಲನ್ನು ತಮಿಳಿಗೆ ತಂದ. 1779ರಲ್ಲಿ ತಮಿಳು-ಇಂಗ್ಲಿಷ್ ನಿಘಂಟು ಹೊರತಂದ. ಜರ್ಮನ್ ಗೀತೆಗಳನ್ನು ಒಂದೊಂದಾಗಿ ತಮಿಳಿಗೆ ತಿರುಗಿಸಿದ. ನಮ್ಮ ಕಿಟ್ಟೆಲ್ಲರ ಹಾಗೆ ನಿಘಂಟು, ಪದ್ಯ, ಪಾದ್ರಿತನ ಮೂರನ್ನೂ ಒಟ್ಟಿಗೆ ಹೊತ್ತ ಮನುಷ್ಯ. ಸಭೆಯ ದುಡ್ಡನ್ನು ಸಾಲಕ್ಕೆ ಬಿಟ್ಟು, ಅದು ಮುಳುಗಿ, ಇಳಿವಯಸ್ಸಿನಲ್ಲಿ ಸಾಲಗಾರನಾಗಿ ಜೈಲನ್ನೂ ಕಂಡು, 1791ರಲ್ಲಿ ತೀರಿಕೊಂಡ. ಅವನ ಬೈಬಲ್ ಮತ್ತು ಗೀತೆಗಳು ಲೂಥರನ್ನರಿಗೆ ಪೂರ್ವಿಕರ ಆಸ್ತಿಯಂತಾದವು.

ಆದರೆ ಹಾಡುವವರು ಹೇಗೆ ಕೂತಿದ್ದರು? ಮಿಷನ್ನಿನ ಕಾಗದಪತ್ರಗಳಲ್ಲಿ ಎರಡು ಪದ ಮತ್ತೆ ಮತ್ತೆ ಬರುತ್ತವೆ: ಶೂದ್ರ ಕ್ರೈಸ್ತರು, ಪರೈಯ ಕ್ರೈಸ್ತರು. ಶೂದ್ರ ಅಂದರೆ ಅಲ್ಲಿ ಮುಖ್ಯವಾಗಿ ವೆಳ್ಳಾಳರು, ಭೂಮಿ ಇದ್ದವರು, ಓದು ಬಲ್ಲವರು. ಚರ್ಚಿನೊಳಗೆ ಇವರಿಗೊಂದು ಕಡೆ, ಅವರಿಗೊಂದು ಕಡೆ. ಕರ್ತನ ರಾತ್ರಿಭೋಜನದ ಬಟ್ಟಲು ಮೊದಲು ಶೂದ್ರರ ತುಟಿಗೆ, ಆಮೇಲೆ ಪರೈಯರ ತುಟಿಗೆ. ನಮ್ಮ ಹೋಟೆಲುಗಳಲ್ಲಿ ಎರಡು ಲೋಟ ಇಟ್ಟವರು ಇದನ್ನು ಯಾರಿಂದಲೂ ಹೊಸದಾಗಿ ಕಲಿಯಬೇಕಿರಲಿಲ್ಲ.

ಈ ಚರಿತ್ರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಹೆಸರು ರಾಜನಾಯಕ್ಕನ್. ಪರೈಯ. ತಂಜಾವೂರು ರಾಜನ ಸೈನ್ಯದಲ್ಲಿ ಸೇರ್ವೈಕಾರ. ಕ್ಯಾಥೊಲಿಕ್ ಆಗಿದ್ದವನು 1720ರ ದಶಕದಲ್ಲಿ ಅಚ್ಚಾದ ಸುವಾರ್ತೆಯನ್ನು ಓದಿ ಲೂಥರನ್ ಆದ. ಉಪದೇಶಿಯಾಗಿ, ಏಟು ತಿಂದು, ತಂಜಾವೂರು ಸೀಮೆಯಲ್ಲಿ ಸಭೆಗಳನ್ನು ಕಟ್ಟಿದ. 1733ರಲ್ಲಿ ವೆಳ್ಳಾಳ ಆರೋನನಿಗೆ ಪಾದ್ರಿ ದೀಕ್ಷೆ ಕೊಟ್ಟರು. ಈ ದೇಶದ ಮೊದಲ ಪ್ರಾಟೆಸ್ಟೆಂಟ್ ಪಾದ್ರಿ ಅವನೇ. ಎರಡನೆಯವನನ್ನು ಆರಿಸುವಾಗ ರಾಜನಾಯಕ್ಕನ್ ಹೆಸರು ಬಂತು. ಯೋಗ್ಯತೆಯ ಬಗ್ಗೆ ತಕರಾರಿರಲಿಲ್ಲ. ಅವನ ಕೈಯಿಂದ ವೆಳ್ಳಾಳರು ರೊಟ್ಟಿ ಬಟ್ಟಲು ಮುಟ್ಟಲಾರರು ಅನ್ನುವುದೊಂದೇ ತಕರಾರು. 1741ರಲ್ಲಿ ದೀಕ್ಷೆ ಸಿಕ್ಕಿದ್ದು ಡಿಯೋಗೋ ಎಂಬವನಿಗೆ. ರಾಜನಾಯಕ್ಕನ್ 1771ರಲ್ಲಿ ಸಾಯುವವರೆಗೂ ಉಪದೇಶಿಯಾಗಿಯೇ ಉಳಿದ. ಪುಸ್ತಕ ಓದಿ ಬಂದವನಿಗೆ ಪುಸ್ತಕ ಕೊಟ್ಟರು, ಬಟ್ಟಲು ಕೊಡಲಿಲ್ಲ.

3

ಇಂಥ ಸಭೆಯೊಳಗೆ ಬೆಳೆದವನು ವೇದನಾಯಕ. ಹುಟ್ಟಿದ್ದು ತಿರುನೆಲ್ವೇಲಿಯಲ್ಲಿ, ವೆಳ್ಳಾಳರ ಮನೆಯಲ್ಲಿ. ಅಪ್ಪ ದೇವಸಹಾಯಂ ಶೈವದಿಂದ ಬಂದ ಕ್ರೈಸ್ತ. ಹುಡುಗನಿಗೆ ಹನ್ನೆರಡರ ಆಸುಪಾಸಿನಲ್ಲಿ ಕ್ರಿಸ್ಟಿಯನ್ ಫ್ರೆಡ್ರಿಕ್ ಶ್ವಾರ್ಟ್ಸ್ ಎಂಬ ಲೂಥರನ್ ಪಾದ್ರಿ ಅವನನ್ನು ತಂಜಾವೂರಿಗೆ ಕರೆತಂದು ಸಾಕಿದ. ಮುಂದೆ ತಂಜಾವೂರಿನ ದೊರೆಯಾದ ಸರ್ಫೋಜಿಯೂ ಇದೇ ಶ್ವಾರ್ಟ್ಸ್‌ನ ಆಸರೆಯಲ್ಲಿ ಬೆಳೆದವನು. ವೇದನಾಯಕ ತರಂಗಂಬಾಡಿಯಲ್ಲೂ ಓದಿದ. ಅಲ್ಲಿ ಹೊಸ ವಿಜ್ಞಾನ, ಭೂಗೋಳ, ಖಗೋಳ ಕಲಿತ. ತಂಜಾವೂರಿನ ಮಿಷನ್ ಶಾಲೆಯಲ್ಲಿ ಮೇಷ್ಟ್ರಾದ.

ಅವನ ಸಾಧನೆ ಸಣ್ಣದಲ್ಲ, ಇದನ್ನು ಮೊದಲೇ ಒಪ್ಪಿಬಿಡಬೇಕು. ಜರ್ಮನ್ ಧಾಟಿಗೆ ತಮಿಳು ಮಾತನ್ನು ಒತ್ತಿ ತುಂಬಿದ ಗೀತೆಗಳು ತಮಿಳರ ನಾಲಗೆಗೆ ಒಗ್ಗುತ್ತಿರಲಿಲ್ಲ. ಮಾತಿನ ಬಿಗಿ ಒಂದು ಕಡೆ ಬಿದ್ದರೆ ರಾಗದ ಏರಿಳಿತ ಇನ್ನೊಂದು ಕಡೆ. ಅವನು ರಾಗ, ತಾಳ, ಪಲ್ಲವಿ, ಅನುಪಲ್ಲವಿ, ಚರಣ ಇರುವ ಕೀರ್ತನೆಯನ್ನೇ ಚರ್ಚಿಗೆ ತಂದ. ಅದೇ ಊರಿನ ಆಸ್ಥಾನದಲ್ಲಿ, ಅದೇ ಕಾವೇರಿ ಬಯಲಿನಲ್ಲಿ ಕರ್ನಾಟಕ ಸಂಗೀತ ತನ್ನ ತ್ರಿಮೂರ್ತಿಗಳನ್ನು ಕಾಣುತ್ತಿದ್ದ ಕಾಲ ಅದು. ಅನುವಾದದ ಗೀತೆಗೆ ಜ್ಞಾನಪ್ಪಾಟ್ಟು, ನೆಲದ ರಾಗದ್ದಕ್ಕೆ ಕೀರ್ತನೈ ಅಂತ ತಮಿಳು ಸಭೆಗಳಲ್ಲಿ ಎರಡು ಹೆಸರು ನಿಂತಿವೆ. ಆ ಎರಡನೆಯ ಹೆಸರಿನ ಹಿಂದೆ ದೊಡ್ಡ ದುಡಿಮೆ ಇವನದು.

1800ರ ‘ಬೆತ್ಲಹೇಮ್ ಕುರವಂಜಿ’ ಅವನ ಹೆಸರಾಂತ ಕೃತಿ. ಕೊರವಂಜಿ ಅಂದರೆ ಕನ್ನಡಿಗರಿಗೆ ರಾಶಿಯವರ ಪತ್ರಿಕೆ ನೆನಪಾಗುತ್ತದೆ, ಯಕ್ಷಗಾನದ ಕೊರವಂಜಿ ನೆನಪಾಗುತ್ತಾಳೆ. ತಮಿಳಿನಲ್ಲಿ ಇದೊಂದು ಆಡುವ ಕಾವ್ಯದ ಜಾತಿ. ದೇವರನ್ನೋ ದೊರೆಯನ್ನೋ ಮೋಹಿಸಿದ ನಾಯಕಿ, ಬುಟ್ಟಿ ಹೊತ್ತು ಬೆಟ್ಟದಿಂದ ಬಂದು ಕೈನೋಡಿ ಕಣಿ ಹೇಳುವ ಕುರತ್ತಿ, ಹಕ್ಕಿ ಹಿಡಿಯುವ ಅವಳ ಗಂಡ. ವೇದನಾಯಕನ ಕೃತಿಯಲ್ಲಿ ನಾಯಕಿ ದೇವಮೋಹಿನಿ, ಅಂದರೆ ಸಭೆ. ಅವಳು ಮೋಹಿಸಿದ್ದು ಬೆತ್ಲಹೇಮಿನ ನಾಥನನ್ನು. ಕಣಿ ಹೇಳಲು ಬರುವವಳು ನಂಬಿಕೆ. ಹಕ್ಕಿಗೆ ಒಡ್ಡುವ ಬಲೆ ಸುವಾರ್ತೆ. ಕುರತ್ತಿ ತಾನು ಸುತ್ತಿದ ಊರುಗಳನ್ನು ಹೇಳುವ ವಾಡಿಕೆಯ ಜಾಗದಲ್ಲಿ ಹೊಸ ಭೂಗೋಳವೂ, ಸೂರ್ಯನ ಸುತ್ತ ಭೂಮಿ ತಿರುಗುವ ಕೊಪರ್ನಿಕಸನ ಲೋಕವೂ ಬರುತ್ತವೆ. ಇಂದಿರಾ ಪೀಟರ್ಸನ್ ಇದನ್ನು ಕುರಿತು ಒಳ್ಳೆಯ ಲೇಖನ ಬರೆದಿದ್ದಾರೆ. ದೇಸಿ ರೂಪ, ಆಧುನಿಕ ಜ್ಞಾನ, ಭಕ್ತಿ ಮೂರೂ ಒಂದೇ ಪಾಕ. ಯಾವ ನವ್ಯ ವಿಮರ್ಶಕನಾದರೂ ತಲೆದೂಗಬೇಕು.

ತಲೆದೂಗುವ ಮುಂಚೆ ಒಂದು ಪ್ರಶ್ನೆ. ಈ ಕುರತ್ತಿ ಯಾರು? ನಮ್ಮ ಕಡೆಯ ಕೊರಮ, ಕೊರಚರ ಒಡಹುಟ್ಟಿದವಳು. ಬ್ರಿಟಿಷರು 1871ರ ಕಾಯಿದೆಯನ್ನು 1911ರಲ್ಲಿ ಮದರಾಸು ಪ್ರಾಂತ್ಯಕ್ಕೂ ಹಬ್ಬಿಸಿದ ಮೇಲೆ ಹುಟ್ಟು ಅಪರಾಧಿಗಳು ಅಂತ ಠಾಣೆಯಲ್ಲಿ ಬೆರಳೊತ್ತಬೇಕಾಗಿ ಬಂದ ಜನ. ಕಾವ್ಯದೊಳಗೆ ಅವಳು ನಂಬಿಕೆಯ ಸಂಕೇತ. ಸಂಕೇತವಾದರೆ ಗರ್ಭಗುಡಿಯವರೆಗೂ ಬರಬಹುದು. ಮೈಯುಳ್ಳ ಹೆಂಗಸಾಗಿ ಬಂದರೆ ಬಾಗಿಲಲ್ಲೇ ನಿಲ್ಲಬೇಕು. ನಮ್ಮ ಮಾರ್ಗ ಕಾವ್ಯಗಳಲ್ಲಿ ಬೇಡ, ಶಬರ, ಚಾಂಡಾಲರು ಎಷ್ಟು ಸಲೀಸಾಗಿ ಓಡಾಡುತ್ತಾರೆ ಅಂತ ನೆನೆದುಕೊಳ್ಳಿ. ದೇಸಿ ಕಾವ್ಯವೂ ಈ ವಿದ್ಯೆಯನ್ನು ಚೆನ್ನಾಗಿಯೇ ಕಲಿತಿತ್ತು.

4

ಶ್ವಾರ್ಟ್ಸ್ 1798ರಲ್ಲಿ ತೀರಿಕೊಂಡ. 1820ರ ದಶಕದ ಹೊತ್ತಿಗೆ ತಂಜಾವೂರಿನ ಸಭೆಯ ಆಡಳಿತ ಇಂಗ್ಲೆಂಡಿನ ಆಂಗ್ಲಿಕನ್ ಸಂಸ್ಥೆಯ ಕೈಗೆ ಹೋಯಿತು. ಹೊಸ ತಲೆಮಾರಿನ ಮಿಷನರಿಗಳು ಬಂದರು. ಹಳಬರು ಜಾತಿಯನ್ನು ಮೆಲ್ಲಗೆ ಸವೆದುಹೋಗುವ ಲೋಕದ ವ್ಯವಹಾರ ಅಂತ ಬಿಟ್ಟಿದ್ದರು. ಇವರು ಬಿಡಲಿಲ್ಲ. ಎಲ್ಲರೂ ಒಟ್ಟಿಗೆ ಕೂರಬೇಕು, ಒಂದೇ ಬಟ್ಟಲಲ್ಲಿ ಕುಡಿಯಬೇಕು ಅಂದರು.

1820ರ ದಶಕದ ಕೊನೆಯಲ್ಲಿ ವೇದನಾಯಕ ಮತ್ತು ಅವನ ಸಂಗಡಿಗರು ತಿರುಗಿಬಿದ್ದರು. ಹೊಸಬರು ತಮ್ಮ ಮೇಲೆ ನಾಲ್ಕು ಕ್ರೌರ್ಯ ಎಸಗಿದ್ದಾರೆ ಅಂತ ದೂರು. ಒಂದು, ರೇನಿಯಸ್ ಎಂಬ ಮಿಷನರಿ ಮಾಡಿದ ಹೊಸ ಅನುವಾದ ತಂದು ಫ್ಯಾಬ್ರಿಸಿಯಸನ ಬೈಬಲನ್ನು ಕೆಡಿಸುವುದು. ಎರಡು, ಜಾತಿಗಳನ್ನು ಬಲವಂತವಾಗಿ ಬೆರೆಸುವುದು. ಮೂರು, ಹಬ್ಬ, ಮದುವೆಗಳಲ್ಲಿ ಹೂವನ್ನು ಬೇಡವೆನ್ನುವುದು. ನಾಲ್ಕು, ಆರಾಧನೆಯಲ್ಲಿ ತಮಿಳು ಕೀರ್ತನೆ, ತಮಿಳು ಸಂಗೀತವನ್ನು ನಿಲ್ಲಿಸುವುದು. 1829ರಲ್ಲಿ ಜಾತಿಯನ್ನು ತಿದ್ದಹೊರಡುವುದೇ ಹುಚ್ಚುತನ ಅನ್ನುವ ಅರ್ಥದ ಹೆಸರಿಟ್ಟು ಒಂದು ಬರಹವನ್ನೇ ಬರೆದ. ಜಾತಿ ಧರ್ಮದ ವಿಷಯವಲ್ಲ, ಲೋಕದ ಮರ್ಯಾದೆಯ ವಿಷಯ. ಯೂರೋಪಿನಲ್ಲಿ ದೊಡ್ಡಮನೆತನ, ಸಣ್ಣಮನೆತನ ಇಲ್ಲವೇ. ಹಿರಿಯ ಪಾದ್ರಿಗಳೇ ಬಿಟ್ಟದ್ದನ್ನು ನಿನ್ನೆ ಬಂದವರು ಏಕೆ ಮುಟ್ಟಬೇಕು ಅನ್ನುವುದು ಅವನ ವಾದದ ಜಾಡು. ಮಿಷನ್ನಿನ ಕೆಲಸ ಹೋಯಿತು. ಸರ್ಫೋಜಿ ಆಸ್ಥಾನದಲ್ಲಿ ಆಸರೆ ಕೊಟ್ಟ.

ಆ ನಾಲ್ಕು ದೂರುಗಳನ್ನು ಇನ್ನೊಮ್ಮೆ ಓದಿ ನೋಡಿ. ಒಂದು, ಮೂರು, ನಾಲ್ಕನ್ನು ಮಾತ್ರ ಕೈಗೆತ್ತಿಕೊಂಡರೆ ಎಂಥ ಸೊಗಸಾದ ವಸಾಹತುಶಾಹಿ ವಿರೋಧಿ ಪಠ್ಯ! ಬಿಳಿಯರು ನಮ್ಮ ಭಾಷೆ, ನಮ್ಮ ಹೂವು, ನಮ್ಮ ಹಾಡು ಕಿತ್ತುಕೊಳ್ಳುತ್ತಿದ್ದಾರೆ, ನೆಲದ ಕವಿ ಎದ್ದು ನಿಂತಿದ್ದಾನೆ. ವಿಚಾರಸಂಕಿರಣಗಳಲ್ಲಿ ಇಂಥ ಓದನ್ನು ಮಂಡಿಸಿ ಚಪ್ಪಾಳೆ ತಗೊಂಡವರನ್ನು ನಾನೇ ಕಂಡಿದ್ದೇನೆ. ಆ ಓದಿನಲ್ಲಿ ಎರಡನೆಯ ದೂರು ಒಂದು ಅಡಿಟಿಪ್ಪಣಿ, ಕಾಲದ ಮಿತಿ, ಅಷ್ಟೆ. ಆದರೆ ದೂರು ಕೊಟ್ಟವರಿಗೆ ಅದು ಅಡಿಟಿಪ್ಪಣಿ ಆಗಿರಲಿಲ್ಲ. ಅವರಿಗೆ ನಾಲ್ಕೂ ಒಂದೇ ಹಾರದ ಹೂಗಳು. ತಮ್ಮ ಸಂಸ್ಕೃತಿ ಅಂದರೆ ಬೈಬಲಿನ ಹಳೆಯ ನುಡಿ, ಹೂವು, ರಾಗ, ಮತ್ತೆ ಪರೈಯನು ದೂರ ಕೂರುವುದು. ಒಂದನ್ನು ಎಳೆದರೆ ಹಾರವೇ ಬಿಚ್ಚಿಹೋಗುತ್ತದೆ ಅಂತ ಅವರಿಗೆ ಗೊತ್ತಿತ್ತು. ನಮ್ಮ ಪಂಡಿತರಿಗಿಂತ ವೇದನಾಯಕ ಪ್ರಾಮಾಣಿಕ.

ಇನ್ನೂ ಒಂದು ಮಾತು. ಆ ಅಹವಾಲುಗಳು ಶೂದ್ರ ಕ್ರೈಸ್ತರ ಹೆಸರಿನಲ್ಲಿ ಹೋದವು. ಶೂದ್ರ ಅನ್ನುವ ಪದವನ್ನು ಕನ್ನಡದಲ್ಲಿ 1970ರ ದಶಕದಿಂದ ನಾವು ಬಂಡಾಯದ ಪದವಾಗಿ ಬಳಸಿದ್ದೇವೆ, ಆ ಹೆಸರಿನ ಪತ್ರಿಕೆಯನ್ನೂ ಪ್ರೀತಿಯಿಂದ ಓದಿದ್ದೇವೆ. ಅದೇ ಪದ ಇನ್ನೊಂದು ಕಾಲದಲ್ಲಿ, ಕೆಳಗಿನವರನ್ನು ಕೆಳಗೇ ಇಡುವ ಅರ್ಜಿಯ ತಲೆಬರಹವಾಗಿತ್ತು ಅನ್ನುವುದು ಶೂದ್ರ-ದಲಿತ ಒಗ್ಗಟ್ಟಿನ ಬಗ್ಗೆ ಮಾತಾಡುವ ನಮಗೆಲ್ಲ ನೆನಪಿರಬೇಕು. ಒಗ್ಗಟ್ಟು ಬೇಡ ಅಂತಲ್ಲ. ಕಣ್ಣು ತೆರೆದುಕೊಂಡು ಒಗ್ಗೂಡೋಣ ಅಂತ.

5

ಹಾಗಾದರೆ ಆ ಬಿಳಿಯ ಮಿಷನರಿಗಳು ನಮ್ಮವರೇ? 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಚರ್ಚಿನಿಂದ ಜಾತಿಯನ್ನು ತಡಮಾಡದೆ, ಪೂರ್ತಿಯಾಗಿ ಕಿತ್ತುಹಾಕಬೇಕು ಅಂತ ಪತ್ರ ಹೊರಡಿಸಿದ. ತಂಜಾವೂರು, ವೇಪೇರಿ, ತಿರುಚಿನಾಪಳ್ಳಿಗಳಲ್ಲಿ ವೆಳ್ಳಾಳರು ಚರ್ಚು ಬಿಟ್ಟು ಹೊರನಡೆದರು. ಆ ಪತ್ರದ ಬಗ್ಗೆ ನನಗೆ ಗೌರವವಿದೆ. ರಾಜನಾಯಕ್ಕನ್ ಸತ್ತು ಅರವತ್ತು ವರ್ಷಕ್ಕಾದರೂ ಯಾರೋ ಒಬ್ಬರು ಬಟ್ಟಲನ್ನು ಬಟ್ಟಲು ಅಂತ ಕರೆದರು. ಆದರೆ ಆ ಗುಂಪಿನವರಲ್ಲಿ ಎಷ್ಟೋ ಜನಕ್ಕೆ ಜಾತಿಯ ಜೊತೆಗೆ ರಾಗವೂ ಹೂವೂ ಪೇಗನ್ ಕೊಳೆಯಾಗಿ ಕಂಡವು. ಬೆಂಚಿನ ಮೇಲೆ ಸಮಾನವಾಗಿ ಕೂರು, ಆದರೆ ನಮ್ಮ ಧಾಟಿಯಲ್ಲಿ ಹಾಡು. ಸಮಾನತೆಗೆ ಬೆಲೆ ನಾಲಗೆ.

ಕತೆ ಅಲ್ಲಿಗೂ ಮುಗಿಯಲಿಲ್ಲ. 1840ರ ದಶಕದಲ್ಲಿ ಜರ್ಮನಿಯ ಲೈಪ್ಜಿಗ್ ಮಿಷನ್ ತರಂಗಂಬಾಡಿಯ ಹಳೆಯ ಲೂಥರನ್ ಸಭೆಗಳನ್ನು ವಹಿಸಿಕೊಂಡಿತು. ಅದರ ಮುಖಂಡ ಕಾರ್ಲ್ ಗ್ರೌಲ್ ದೊಡ್ಡ ತಮಿಳು ವಿದ್ವಾಂಸ. ಜನಪದದ ಸಂಸ್ಕೃತಿಗೆ ಗೌರವ ಕೊಡಬೇಕು ಅನ್ನುವವನು. ಆ ಗೌರವದ ಲೆಕ್ಕದಲ್ಲಿ ಜಾತಿಯೂ ಸೇರಿತು. ವಿಲ್ಸನ್ನನ ಕಡೆಯಿಂದ ಮುನಿಸಿಕೊಂಡು ಹೊರಟಿದ್ದ ವೆಳ್ಳಾಳರಲ್ಲಿ ಅನೇಕರು ಲೈಪ್ಜಿಗ್‌ನ ನೆರಳಿಗೆ ಬಂದರು. 1850ರಲ್ಲಿ ಮದರಾಸಿನ ಮಿಷನರಿಗಳು ಕೂಡಿ ಜಾತಿಯನ್ನು ಖಂಡಿಸಿ ನಿರ್ಣಯ ಮಾಡಿದಾಗ ಲೈಪ್ಜಿಗ್‌ನವರು ಅದಕ್ಕೆ ಸೇರಲಿಲ್ಲ. ಸಂಸ್ಕೃತಿಯನ್ನು ಪ್ರೀತಿಸಿದ ಪಾದ್ರಿ ಜಾತಿಯನ್ನು ಬಿಟ್ಟುಕೊಟ್ಟ. ಜಾತಿಯನ್ನು ಮುರಿಯಹೊರಟ ಪಾದ್ರಿ ಸಂಸ್ಕೃತಿಯನ್ನು ಬಿಸುಟ. ಈ ಇಬ್ಬರ ಜಗಳದ ನಡುವೆ ಪರೈಯನನ್ನು ಯಾರೂ ಕೇಳಲಿಲ್ಲ, ನಿನ್ನ ಹಾಡು ಯಾವುದಪ್ಪಾ ಅಂತ.

ಪರೈಯನಿಗೆ ಹಾಡಿರಲಿಲ್ಲವೇ? ಅವನ ಹೆಸರೇ ಒಂದು ವಾದ್ಯದ ಹೆಸರು. ಪರೈ, ನಮ್ಮ ತಮಟೆಯ ಒಡಹುಟ್ಟು. ಶಾಸ್ತ್ರಿಗೆ ಅದು ಸಾವಿನ ಮನೆಯ ಹೊಲೆ, ಮಿಷನರಿಗೆ ಅದು ಮಾರಿಹಬ್ಬದ ಸದ್ದು. ಕೀರ್ತನೆಗೆ ಮೃದಂಗ ಬರಬಹುದಿತ್ತು. ಜರ್ಮನ್ ಗೀತೆಗೆ ಹಾರ್ಮೋನಿಯಂ ಬಂತು. ತಮಟೆಗೆ ಎರಡೂ ಕಡೆ ಜಾಗವಿರಲಿಲ್ಲ. ನಾನು ಚಿಕ್ಕವನಿದ್ದಾಗ ಲೈನಿನಲ್ಲಿ ಯಾರಾದರೂ ತೀರಿಕೊಂಡರೆ ರಾತ್ರಿಯಿಡೀ ಪರೈ ಬಡಿಯುತ್ತಿದ್ದರು. ಬೆಳಿಗ್ಗೆ ಪಾದ್ರಿ ಅಯ್ಯನವರು ಬರುವ ಹೊತ್ತಿಗೆ ಅದು ಮಂಚದಡಿ ಸೇರುತ್ತಿತ್ತು. ಬಚ್ಚಿಡಬೇಕು ಅಂತ ಯಾರೂ ಹೇಳಿಕೊಡುತ್ತಿರಲಿಲ್ಲ.

6

ಆ ಮಂಚದಡಿಯಿಂದ ಪರೈಯನ್ನು ಎತ್ತಿ ಆರಾಧನೆಯ ನಡುವೆ ಇಟ್ಟವರಲ್ಲಿ ಜೆ. ತಿಯೋಫಿಲಸ್ ಅಪ್ಪಾವು ಒಬ್ಬರು. ಹಾಡಿಗಾರರಾಗಿ ಜನ ಅವರನ್ನು ಪರಟ್ಟೈ ಅಂತ ಕರೆದರು, ಕೆದರಿದ ತಲೆಯವನು ಅಂತ. ಸಿ.ಎಸ್.ಐ. ಸಭೆಯ ಪಾದ್ರಿ, ಮಧುರೆಯ ಸೆಮಿನರಿಯಲ್ಲಿ ಮೇಷ್ಟ್ರು, ದಲಿತ ದೇವಶಾಸ್ತ್ರದ ಚಿಂತಕ. ಕರ್ನಾಟಕ ರಾಗದ ಕೀರ್ತನೆಯೂ ಪಡುವಣದ ಧಾಟಿಯೂ ಹಳ್ಳಿಯ ದಲಿತನ ಬಾಯಿಗೆ ಬೀಗವೇ ಅಂತ ಅವರ ವಾದ. ಒಂದಕ್ಕೆ ಗುರುವಿನ ಅಪ್ಪಣೆ ಬೇಕು, ಇನ್ನೊಂದಕ್ಕೆ ಪುಸ್ತಕ ಬೇಕು. ಜನಪದ ಧಾಟಿಯನ್ನಾದರೆ ಹಾಡುವವರು ತಮಗೆ ಬೇಕಾದಂತೆ ತಿರುಗಿಸಿ ಕಟ್ಟಬಹುದು. 1986ರಲ್ಲಿ ಜನಪದ ಮತ್ತು ಬದಲಾವಣೆ ಕುರಿತು ಪುಸ್ತಕ ಬರೆದರು. ಆಡುಮಾತಿನಲ್ಲಿ ಇಡೀ ಆರಾಧನಾ ಕ್ರಮವನ್ನೇ ಕಟ್ಟಿದರು. 2005ರಲ್ಲಿ ತೀರಿಕೊಂಡರು. ಜೋಯಿ ಶೆರಿನಿಯನ್ 2014ರಲ್ಲಿ ಅವರ ಸಂಗೀತದ ಮೇಲೆ ದೊಡ್ಡ ಪುಸ್ತಕ ತಂದಿದ್ದಾರೆ.

ಅಪ್ಪಾವು ಅವರ ಚಿಂತನೆಯ ನಡುಬೊಡ್ಡೆ ‘ಒರು ಉಲೈ’. ಒಂದೇ ಎಸರು, ಒಂದೇ ಗಡಿಗೆಯ ಊಟ. ರಾಗದ ಪ್ರಶ್ನೆ ಕೊನೆಗೆ ಗಡಿಗೆಯ ಪ್ರಶ್ನೆಯೇ ಅಂತ ಅವರು ಕಂಡುಕೊಂಡದ್ದು ಆಕಸ್ಮಿಕವಲ್ಲ. ವೇದನಾಯಕನೂ ಅದನ್ನೇ ಕಂಡಿದ್ದ, ಆಚೆ ದಡದಿಂದ.

ಈ ಲೆಕ್ಕ ಹಳೆಯದಾಗಿಲ್ಲ. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಪಟ್ಟಿಯನ್ನು ಧರ್ಮಕ್ಕೆ ಕಟ್ಟಿಹಾಕಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಒಳಗೆ ಬಿಟ್ಟುಕೊಂಡ ಆದೇಶ ಕ್ರೈಸ್ತ ದಲಿತರನ್ನು ಹೊರಗೇ ನಿಲ್ಲಿಸಿದೆ. ನಿಮ್ಮ ಧರ್ಮದಲ್ಲಿ ಜಾತಿಯೇ ಇಲ್ಲವಲ್ಲ ಅಂತ ಸರ್ಕಾರ. ನಮ್ಮೂರಿನ ಸಭೆಯೊಂದರಲ್ಲಿ, ಹೆಸರು ಬೇಡ, ನನ್ನ ಅಕ್ಕನ ಮದುವೆ ಮಾತುಕತೆ ಮುರಿದದ್ದು ಹುಡುಗನ ಕಡೆಯವರು ‘ನೀವು ಯಾವ ಲೈನಿನವರು?’ ಅಂತ ಕೇಳಿದ ಮೇಲೆ. ಲೈನು ಅಂದರೆ ಅಲ್ಲಿ ಗಣಿಯ ಲೈನಲ್ಲ.

ಎಲ್ಲ ಓದಿಕೊಂಡು ಒಂದು ರಜೆಯಲ್ಲಿ ಊರಿಗೆ ಹೋದಾಗ ಆಯಾ ಹತ್ತಿರ ಕೂತು ಹೇಳಿದೆ, ಈ ಹಾಡು ಬರೆದವನು ಹೀಗಿದ್ದ ಅಂತ. ಆಕೆ ಅವರೆಕಾಯಿ ಸುಲಿಯುತ್ತಿದ್ದಳು. ಪೂರ್ತಿ ಕೇಳಿಸಿಕೊಂಡು ತಮಿಳಿನಲ್ಲೇ ಅಂದಳು: “ಅವ್ನು ನಮ್ಮನ್ನ ದೂರ ಕೂರ್ಸಿದ್ನಾ? ಸರಿ ಬಿಡು. ಎಷ್ಟು ದೂರ ಕೂತಿದ್ರೂ ಕೇಳಿಸ್ಕೊಂಡು ಕಲ್ತ್ವಲ್ಲ.”

ಇದನ್ನು ಕ್ಷಮೆ ಅಂತ ಓದುವವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ಹಾಡನ್ನು ಬಿಸಾಡು ಅಂತ ಆಕೆಗೆ ಹೇಳಲು ನಾನ್ಯಾರು? ಆದರೆ ಆಕೆ ಕದ್ದು ಕೇಳಿ ಕಲಿತದ್ದನ್ನು, ಕವಿ ಕೊಟ್ಟದ್ದು ಅಂತ ಸಾಹಿತ್ಯ ಚರಿತ್ರೆಯಲ್ಲಿ ಬರೆಯುವುದನ್ನು ನಿಲ್ಲಿಸಬಹುದು. ಏಕಲವ್ಯನ ವಿದ್ಯೆಗೆ ದ್ರೋಣನಿಗೆ ಕಾಣಿಕೆ ಕೊಡಿಸುವ ಕೆಲಸವನ್ನು ವಿಮರ್ಶೆ ಇನ್ನೆಷ್ಟು ದಿನ ಮಾಡಬೇಕು? ಒಂದು ಪಠ್ಯವನ್ನು ದೇಸಿ ಅಂತ ಹೊಗಳುವ ಮುಂಚೆ, ಅದನ್ನು ಹಾಡಿದ ದಿನ ಯಾರು ಎಲ್ಲಿ ಕೂತಿದ್ದರು, ಬಟ್ಟಲು ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು ಅಂತ ಕೇಳಿದರೆ ಸಾಕು.

ಆಯಾ ಹೋಗಿ ಎರಡು ವರ್ಷವಾಯಿತು. ಆ ರಾತ್ರಿ ಪರೈ ಬಡಿದರು. ಬೆಳಿಗ್ಗೆ ಅಯ್ಯನವರು ಬಂದಾಗ ನನ್ನ ಚಿಕ್ಕಪ್ಪ ಅಭ್ಯಾಸಬಲದಿಂದ ಅದನ್ನು ಎತ್ತಿ ಒಳಗೆ ಒಯ್ಯಹೋದರು. ಅಲ್ಲೇ ಇರಲಿ ಬಿಡಿ ಚಿಕ್ಕಪ್ಪಾ ಅಂದೆ. ಪ್ರಾರ್ಥನೆ ಮುಗಿದ ಮೇಲೆ ಹೆಂಗಸರು ಶಾಸ್ತ್ರಿಯ ಕೀರ್ತನೆ ಎತ್ತಿಕೊಂಡರು. ಅಯ್ಯನವರು ಏನೂ ಅನ್ನಲಿಲ್ಲ. ಅದು ಅಂಗಳದಲ್ಲೇ ಇತ್ತು.